ನಿಮ್ಮ ಊರಿಂದಾನೇ ಕಂಕಣ ಸೂರ್ಯಗ್ರಹಣ ನೋಡೋಕೆ ಏನೇನು ತಯಾರಿ ಬೇಕು

ಕಂಕಣ ಸೂರ್ಯಗ್ರಹಣ ಬರ್ತಿದೆ ಅಂತ ಸುದ್ದಿ ಆದ ತಕ್ಷಣ ಜನ ಕೇಳೋದು ಹೆಚ್ಚುಕಮ್ಮಿ ಮೂರೇ ಪ್ರಶ್ನೆ. ನಮ್ಮೂರಲ್ಲಿ ಬಳೆ ಕಾಣುತ್ತಾ, ಎಷ್ಟು ಗಂಟೆಗೆ ಕಾಣುತ್ತೆ, ಬಳೆ ಆಗಿರೋ ಆ ಒಂದೆರಡು ನಿಮಿಷ ಕನ್ನಡಕ ತೆಗೆದು ಬರಿಗಣ್ಣಲ್ಲಿ ನೋಡ್ಬಹುದಾ. ಮೊದಲೆರಡಕ್ಕೆ ಉತ್ತರ ನೀವು ಎಲ್ಲಿ ನಿಂತಿದ್ದೀರಿ ಅನ್ನೋದರ ಮೇಲಿದೆ, ಅದನ್ನ ಹುಡ್ಕೋದು ಹೇಗೆ ಅಂತ ಕೆಳಗೆ ಬರೆದಿದ್ದೀನಿ. ಮೂರನೇದಕ್ಕೆ ಮಾತ್ರ ನೀವು ಯಾವ ಮೂಲೇಲಿದ್ರೂ ಉತ್ತರ ಒಂದೇ: ಇಲ್ಲ, ಒಂದು ಸೆಕೆಂಡೂ ಇಲ್ಲ.

ಈ ಗೊಂದಲ ಹುಟ್ಟೋದು ಪೂರ್ಣ ಸೂರ್ಯಗ್ರಹಣದ ವಿಡಿಯೋ ನೋಡಿ. ಅಲ್ಲಿ ಚಂದ್ರ ಸೂರ್ಯನ್ನ ಪೂರ್ತಿ ಮುಚ್ಚಿದಾಗ ಜನ ಫಿಲ್ಟರ್ ತೆಗೀತಾರೆ, ಅಷ್ಟು ಹೊತ್ತು ಅದು ಸರಿನೇ. ಕಂಕಣದಲ್ಲಿ ಆ ಹೊತ್ತು ಬರೋದೇ ಇಲ್ಲ. ಚಂದ್ರ ಯಾವಾಗ್ಲೂ ನಮ್ಮಿಂದ ಒಂದೇ ದೂರದಲ್ಲಿ ಇರಲ್ಲ, ಹತ್ರ ಬಂದಾಗ ಸುಮಾರು 3,56,000 ಕಿಲೋಮೀಟರ್, ದೂರ ಹೋದಾಗ ಹೆಚ್ಚುಕಮ್ಮಿ 4,06,000. ದೂರ ಇರೋ ಹೊತ್ತಲ್ಲಿ ಗ್ರಹಣ ಆದ್ರೆ ಚಂದ್ರಬಿಂಬ ಸೂರ್ಯಬಿಂಬಕ್ಕಿಂತ ಚಿಕ್ಕದಾಗಿ ಕಾಣುತ್ತೆ, ನಟ್ಟನಡುವೆ ಬಂದು ಕೂತ್ರೂ ಸುತ್ತ ಒಂದು ಅಂಚು ಉಳಿದೇ ಉಳಿಯುತ್ತೆ. ಆ ಅಂಚೇ ಬಳೆ, ಅಂದ್ರೆ ದಿನಾ ನಾವು ಕಣ್ಣೆತ್ತಿ ನೋಡೋಕಾಗದ ಅದೇ ಸೂರ್ಯನ ಮೈ. 2020ರ ಜೂನ್ 21ರ ಗ್ರಹಣದಲ್ಲಿ ಸೂರ್ಯಬಿಂಬದ ನೂರಕ್ಕೆ ಸುಮಾರು 99 ಭಾಗ ಮುಚ್ಚಿಹೋಗಿತ್ತು, ಆದ್ರೂ ಉಳಿದ ಆ ಚೂರು ಹುಣ್ಣಿಮೆ ಚಂದ್ರನಿಗಿಂತ ಸಾವಿರಾರು ಪಟ್ಟು ಪ್ರಖರವಾಗಿತ್ತು. ಹಾಗಾಗಿ ಕೆಳಗಿನ ತಯಾರಿ ಎಲ್ಲಾ ಗ್ರಹಣ ಶುರುವಾಗಿ ಮುಗಿಯೋವರೆಗೂ ಕಣ್ಣಿಗೆ ಅಡ್ಡ ಏನಾದ್ರೂ ಇದ್ದೇ ಇರುತ್ತೆ ಅನ್ನೋ ಲೆಕ್ಕದಲ್ಲಿ.

1. ನೀವು ಪಟ್ಟಿಯ ಒಳಗಿದ್ದೀರಾ ಹೊರಗಿದ್ದೀರಾ ನೋಡ್ಕೊಳ್ಳಿ

ಬಳೆ ಎಲ್ಲಾ ಕಡೆ ಕಾಣಲ್ಲ. ಚಂದ್ರನ ನೆರಳು ಭೂಮಿ ಮೇಲೆ ಒಂದು ಉದ್ದನೇ ಪಟ್ಟಿ ಎಳ್ಕೊಂಡು ಹೋಗುತ್ತೆ, ಅದರೊಳಗೆ ನಿಂತವರಿಗೆ ಮಾತ್ರ ಬಳೆ. ಅದರ ಆಚೀಚೆ ಸಾವಿರಾರು ಕಿಲೋಮೀಟರ್‌ವರೆಗೆ ಇರೋರಿಗೆ ಪಾರ್ಶ್ವ ಗ್ರಹಣ, ಅಂದ್ರೆ ಸೂರ್ಯನ ಒಂದು ಕಡೆ ಕಚ್ಚಿದ ಹಾಗೆ ಅಥವಾ ಕುಡುಗೋಲಿನ ಆಕಾರದಲ್ಲಿ ಕಾಣೋದು. ಪಟ್ಟಿ ಎಷ್ಟು ಅಗಲ ಅನ್ನೋದು ಗ್ರಹಣದಿಂದ ಗ್ರಹಣಕ್ಕೆ ತುಂಬಾ ಬದಲಾಗುತ್ತೆ. 2010ರ ಜನವರಿ 15ರದ್ದು ಗರಿಷ್ಠ ಬಿಂದುವಿನಲ್ಲಿ, ಅಂದ್ರೆ ಗ್ರಹಣ ಉತ್ತುಂಗಕ್ಕೇರೋ ಜಾಗದಲ್ಲಿ, 333 ಕಿಲೋಮೀಟರ್ ಅಗಲ ಇತ್ತು, ಬಳೆ 11 ನಿಮಿಷ 8 ಸೆಕೆಂಡ್ ನಿಂತಿತ್ತು. 2020ರದ್ದು ಗರಿಷ್ಠ ಬಿಂದುವಿನಲ್ಲಿ ಬರೀ 21 ಕಿಲೋಮೀಟರ್, ಬಳೆ 38 ಸೆಕೆಂಡ್. ಕುರುಕ್ಷೇತ್ರದಲ್ಲಿ ಬಳೆ ಕಂಡಿತ್ತು, ದೆಹಲಿಯಲ್ಲಿ ಕುಡುಗೋಲು. 2019ರ ಡಿಸೆಂಬರ್ 26ರಂದು ಹೀಗೇ ಮಂಗಳೂರಿಗೆ ಬಳೆ ಸಿಕ್ತು, ಬೆಂಗಳೂರಿಗೆ ಸಿಗಲಿಲ್ಲ.

ಆದ್ದರಿಂದ "ನಮ್ಮ ರಾಜ್ಯದಲ್ಲಿ ಕಾಣುತ್ತೆ" ಅನ್ನೋ ಸುದ್ದಿ ಸಾಲು ಓದಿ ಸುಮ್ಮನಾಗ್ಬೇಡಿ. ನಿಮ್ಮ ಜಾಗವನ್ನೇ ಮ್ಯಾಪ್ ಮೇಲೆ ಇಟ್ಟು ನೋಡಿ. ನಾಸಾದ ಗ್ರಹಣ ಪುಟಗಳಲ್ಲಿ ಪ್ರತಿ ಗ್ರಹಣದ ಪಟ್ಟಿ ಸಿಗುತ್ತೆ, ಟೈಮ್ ಅಂಡ್ ಡೇಟ್ ವೆಬ್‌ಸೈಟಲ್ಲಿ ಊರ ಹೆಸರು ಹಾಕಿದ್ರೆ ನಿಮಗೆ ಏನು ಕಾಣುತ್ತೆ ಅಂತ ಚಿತ್ರ ಸಮೇತ ತೋರಿಸುತ್ತೆ, ಸ್ಟೆಲ್ಲೇರಿಯಂ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ನಿಮ್ಮ ಜಾಗ, ದಿನಾಂಕ ಕೊಟ್ಟು ಗಡಿಯಾರ ಓಡಿಸಿದ್ರೆ ಇಡೀ ಗ್ರಹಣಾನ ಮುಂಚೆನೇ ನೋಡ್ಬಹುದು. ಮ್ಯಾಪಲ್ಲಿ ಪಟ್ಟಿಯ ಎರಡು ಅಂಚು ಮತ್ತೆ ಮಧ್ಯರೇಖೆ ಅಂತ ಮೂರು ಗೆರೆ ಇರುತ್ತೆ. ಮಧ್ಯರೇಖೆ ಹತ್ರ ಇದ್ರೆ ಬಳೆ ಸುತ್ತಲೂ ಒಂದೇ ದಪ್ಪ ಕಾಣುತ್ತೆ, ಜಾಸ್ತಿ ಹೊತ್ತು ಇರುತ್ತೆ. ಅಂಚಿನ ಹತ್ರ ಹೋದ ಹಾಗೆ ಬಳೆ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳ್ಳಗೆ ಆಗ್ತಾ ಸಮಯ ಸೆಕೆಂಡುಗಳಿಗೆ ಇಳಿಯುತ್ತೆ.

ಪಟ್ಟಿಯ ಹೊರಗಿದ್ದೀರಾ? ಬೇಜಾರಾಗ್ಬೇಡಿ, ಕೆಳಗೆ ಹೇಳಿರೋದರಲ್ಲಿ ಬಳೆಯ ಕೆಲವು ನಿಮಿಷ ಬಿಟ್ಟು ಎಲ್ಲಾ ನಿಮಗೂ ಅನ್ವಯಿಸುತ್ತೆ. ಗಾಡಿ ತಗೊಂಡು ಒಂದೆರಡು ಗಂಟೆಯಲ್ಲಿ ಪಟ್ಟಿಯೊಳಗೆ ಹೋಗೋಕಾಗುತ್ತೆ ಅಂದ್ರೆ ಮಾತ್ರ ಹೋಗಿ ಅಂತೀನಿ. ನೂರಕ್ಕೆ ತೊಂಬತ್ತು ಮುಚ್ಚಿದ್ರೂ ಬಳೆ ಬಳೆನೇ, ಕುಡುಗೋಲು ಕುಡುಗೋಲೇ.

ಮುಂದೆ ಬರೋದನ್ನ ಕೇಳೋರಿಗೆ: 2027ರ ಫೆಬ್ರವರಿ 6ರದ್ದು ಚಿಲಿ, ಅರ್ಜೆಂಟೀನಾ ದಾಟಿ ಪಶ್ಚಿಮ ಆಫ್ರಿಕಾ ಕಡೆಗೆ ಹೋಗುತ್ತೆ, 2028ರ ಜನವರಿ 26ರದ್ದು ದಕ್ಷಿಣ ಅಮೆರಿಕಾದ ಉತ್ತರ ಭಾಗದಿಂದ ಸ್ಪೇನ್‌ವರೆಗೆ. 2031ರ ಮೇ 21ರದ್ದು ಆಫ್ರಿಕಾದಿಂದ ಹೊರಟು ಕೇರಳ, ತಮಿಳುನಾಡಿನ ಕೆಲ ಭಾಗ, ಶ್ರೀಲಂಕಾ ಮೇಲೆ ಹಾದು ಇಂಡೋನೇಷ್ಯಾ ಕಡೆ ಹೋಗುತ್ತೆ.

2. ಸಮಯ ಬರೆದಿಟ್ಕೊಳ್ಳಿ

ನಾಲ್ಕು ಹೊತ್ತು ಗೊತ್ತಿರ್ಬೇಕು. ಮೊದಲ ಸ್ಪರ್ಶ ಅಂದ್ರೆ ಚಂದ್ರ ಸೂರ್ಯನ ಅಂಚು ಮುಟ್ಟೋದು. ಎರಡನೇದು ಬಳೆ ಕೂಡೋ ಹೊತ್ತು, ಮೂರನೇದು ಬಳೆ ಒಡೆಯೋ ಹೊತ್ತು, ನಾಲ್ಕನೇದು ಚಂದ್ರ ಪೂರ್ತಿ ಆಚೆ ಹೋಗೋದು. ಮೊದಲನೇದರಿಂದ ನಾಲ್ಕನೇದಕ್ಕೆ ಎರಡೂವರೆ ಮೂರು ಗಂಟೆ ಆಗ್ಬಹುದು, ಎರಡಕ್ಕೂ ಮೂರಕ್ಕೂ ನಡುವೆ ಮಾತ್ರ ಕೆಲವೇ ನಿಮಿಷ. ಇಲ್ಲಿ ಎರಡು ಕಡೆ ಎಡವೋರು ಜಾಸ್ತಿ. ಒಂದು, ವೆಬ್‌ಸೈಟಲ್ಲಿರೋ ಸಮಯ ಯುಟಿಸಿ ಅಂದ್ರೆ ಅಂತರರಾಷ್ಟ್ರೀಯ ಸಮಯ ಇರ್ಬಹುದು, ಅದನ್ನ ನಿಮ್ಮ ಗಡಿಯಾರಕ್ಕೆ ಬದಲಾಯಿಸ್ಕೊಬೇಕು, ಭಾರತದಲ್ಲಿದ್ರೆ ಐದೂವರೆ ಗಂಟೆ ಕೂಡಿಸ್ಬೇಕು. ಎರಡು, ಟಿವಿಯಲ್ಲಿ ಹೇಳೋ "ಗ್ರಹಣ ಕಾಲ" ಇಡೀ ಭೂಮಿಗೋ ಬೇರೆ ಯಾವುದೋ ಊರಿಗೋ ಸೇರಿದ್ದು ಇರುತ್ತೆ, ನಿಮ್ಮದಲ್ಲ. ನೆರಳು ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತೆ, ಊರಿಂದ ಊರಿಗೆ ನಿಮಿಷಗಳ ವ್ಯತ್ಯಾಸ ಇದ್ದೇ ಇರುತ್ತೆ.

ಇನ್ನೊಂದು ಸಂಖ್ಯೆ ನೋಡಿ ಜನ ತಲೆ ಕೆಡಿಸ್ಕೊಳ್ತಾರೆ. ಗ್ರಹಣದ ಪ್ರಮಾಣ ಅಂದ್ರೆ ಸೂರ್ಯನ ವ್ಯಾಸದಲ್ಲಿ ಎಷ್ಟು ಮುಚ್ಚಿದೆ ಅಂತ, ಆವರಿಸಿದ ಭಾಗ ಅಂದ್ರೆ ವಿಸ್ತೀರ್ಣದಲ್ಲಿ ಎಷ್ಟು ಅಂತ. ಎರಡೂ ಬೇರೆ ಬೇರೆ. 2019ರದ್ದರಲ್ಲಿ ಪ್ರಮಾಣ 0.97, ವಿಸ್ತೀರ್ಣದ ಲೆಕ್ಕದಲ್ಲಿ 94%. ಎರಡು ಪತ್ರಿಕೆಯಲ್ಲಿ ಎರಡು ಅಂಕಿ ಕಂಡ್ರೆ ಯಾರೋ ಸುಳ್ಳು ಬರೆದಿದ್ದಾರೆ ಅಂತಲ್ಲ.

3. ನಿಲ್ಲೋ ಜಾಗ

ಇದಕ್ಕೆ ದೊಡ್ಡ ಮೈದಾನ, ಬೆಟ್ಟ ಏನೂ ಬೇಡ, ನಿಮ್ಮ ತಾರಸಿನೇ ಸಾಕಾಗ್ಬಹುದು. ಆ ಹೊತ್ತಿಗೆ ಸೂರ್ಯ ಯಾವ ದಿಕ್ಕಲ್ಲಿ, ಎಷ್ಟು ಎತ್ತರದಲ್ಲಿ ಇರ್ತಾನೆ ಅನ್ನೋದು ಮುಖ್ಯ. ಎತ್ತರವನ್ನ ಡಿಗ್ರಿಯಲ್ಲಿ ಕೊಟ್ಟಿರ್ತಾರೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದ್ರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ದಿಗಂತದಿಂದ ಮುಷ್ಟಿ ಮೇಲೆ ಮುಷ್ಟಿ ಇಟ್ಟು ಅಳೆದ್ಕೊಳ್ಳಿ. ಇನ್ನೂ ಸುಲಭ ಬೇಕಾದ್ರೆ ಗ್ರಹಣಕ್ಕೆ ಒಂದೆರಡು ದಿನ ಮುಂಚೆ ಅದೇ ಗಂಟೆಗೆ ಅದೇ ಜಾಗಕ್ಕೆ ಹೋಗಿ ನಿಲ್ಲಿ, ಬಿಸಿಲು ನಿಮ್ಮ ಮೇಲೆ ಬೀಳ್ತಿದ್ರೆ ಗ್ರಹಣದ ದಿನಾನೂ ಬೀಳುತ್ತೆ. ಗ್ರಹಣ ಬೆಳಿಗ್ಗೆ ಬೇಗ ಅಥವಾ ಸಂಜೆ ಇದ್ರೆ ಇದು ಕಡ್ಡಾಯ, ಪಕ್ಕದ ಕಟ್ಟಡ ಅಥವಾ ಮರ ಸರಿಯಾಗಿ ಬಳೆ ಹೊತ್ತಿಗೆ ಅಡ್ಡ ಬಂದು ಕೂರುತ್ತೆ.

4. ಕಣ್ಣಿಗೆ ಹಾಕ್ಕೊಳ್ಳೋದು

ಇಲ್ಲಿ ಸ್ವಲ್ಪ ನಿಧಾನ ಓದಿ. ಕಣ್ಣಿನ ಹಿಂದಿನ ಪರದೆ ರೆಟಿನಾ, ಅದಕ್ಕೆ ನೋವು ಗೊತ್ತಾಗಲ್ಲ. ಸುಡ್ತಾ ಇದ್ರೂ ನಿಮಗೆ ಏನೂ ಅನ್ಸಲ್ಲ, ಕೆಲವು ಗಂಟೆ ಕಳೆದ ಮೇಲೆ ಓದೋಕೆ ಹೋದಾಗ ನಡುವೆ ಒಂದು ಮಸುಕು ಮಚ್ಚೆ ಕಾಣುತ್ತೆ, ಕೆಲವರಿಗೆ ಅದು ವಾಪಸ್ ಸರಿಯಾಗೋದೇ ಇಲ್ಲ. ಗ್ರಹಣದ ದಿನ ಸೂರ್ಯನಿಂದ ಹೊಸದಾಗಿ ಯಾವ ವಿಷಕಿರಣಾನೂ ಬರಲ್ಲ, ದಿನಾ ಬರೋ ಬೆಳಕೇ. ವ್ಯತ್ಯಾಸ ಏನಂದ್ರೆ ಉಳಿದ ದಿನ ಯಾರೂ ಸೂರ್ಯನ್ನ ದಿಟ್ಟಿಸಲ್ಲ, ಗ್ರಹಣದ ದಿನ ಬೆಳಕು ಸ್ವಲ್ಪ ತಗ್ಗಿದ್ದರಿಂದ ದಿಟ್ಟಿಸೋಕಾಗುತ್ತೆ, ಕಣ್ಣು ತಾನಾಗೇ ಮುಚ್ಕೊಳ್ಳಲ್ಲ.

ಬೇಕಾಗಿರೋದು ಗ್ರಹಣದ ಕನ್ನಡಕ, ಐಎಸ್‌ಒ 12312-2 ಅನ್ನೋ ಮಾನದಂಡದ್ದು. ಇದು ಬೆಳಕನ್ನ ಲಕ್ಷದಲ್ಲಿ ಸುಮಾರು ಮೂರು ಭಾಗಕ್ಕಿಂತ ಜಾಸ್ತಿ ಒಳಗೆ ಬಿಡಬಾರದು, ಕಣ್ಣಿಗೆ ಕಾಣದ ಅತಿನೇರಳೆ, ಅವಕೆಂಪು ಕಿರಣಗಳನ್ನೂ ತಡೀಬೇಕು. ಆದ್ರೆ ಆ ನಂಬರನ್ನ ಯಾರು ಬೇಕಾದ್ರೂ ರಟ್ಟಿನ ಮೇಲೆ ಪ್ರಿಂಟ್ ಹಾಕ್ಬಹುದು, ಹಾಕ್ತಾರೆ ಕೂಡ. ತಾರಾಲಯ, ವಿಜ್ಞಾನ ಕೇಂದ್ರ, ಖಗೋಳ ಹವ್ಯಾಸಿಗಳ ಗುಂಪು ಇಂಥ ಕಡೆಯಿಂದ ತಗೊಂಡ್ರೆ ನಂಬಿಕೆ ಜಾಸ್ತಿ. ಗ್ರಹಣದ ಹಿಂದಿನ ದಿನದವರೆಗೆ ಕಾಯ್ಬೇಡಿ, ಸಿಗಲ್ಲ, ಸಿಕ್ಕಿದ್ರೂ ಯಾವುದೋ ಸಿಗುತ್ತೆ.

ಕೈಗೆ ಬಂದ ಮೇಲೆ ಹೀಗೆ ಪರೀಕ್ಷೆ ಮಾಡಿ. ಮನೆಯೊಳಗೆ ಹಾಕ್ಕೊಂಡು ಸುತ್ತ ನೋಡಿ, ಏನೂ ಕಾಣಬಾರದು, ಕತ್ತಲೆ. ಗೋಡೆ, ಪೀಠೋಪಕರಣ, ಉರೀತಿರೋ ಮಾಮೂಲಿ ಬಲ್ಬಿನ ಸುತ್ತಮುತ್ತಲಿನ ವಸ್ತು ಕಂಡ್ರೆ ಅದನ್ನ ಎಸೀರಿ. ಆಮೇಲೆ ಫೋನ್ ಟಾರ್ಚ್ ಆನ್ ಮಾಡಿ ಕನ್ನಡಕದ ಹಾಳೆಯನ್ನ ಅದರ ಮುಂದೆ ಹಿಡಿದು, ಗೀರು ಅಥವಾ ಸೂಜಿಮೊನೆಯಷ್ಟು ತೂತಿಂದ ಬೆಳಕು ಚುಚ್ತಿದೆಯಾ ನೋಡಿ. ಮಡಿಕೆ ಬಿದ್ದಿರೋ ಜಾಗ, ರಟ್ಟಿಗೆ ಅಂಟಿಸಿರೋ ಅಂಚು, ಇವೆರಡರಲ್ಲೇ ಹೆಚ್ಚಾಗಿ ತೂತು ಸಿಗುತ್ತೆ. ಸರಿ ಇರೋ ಕನ್ನಡಕದಲ್ಲಿ ಸೂರ್ಯ ಒಂದು ಸಣ್ಣ ಕಿತ್ತಳೆ ಅಥವಾ ಬಿಳಿ ಬಿಲ್ಲೆ ಆಗಿ ಆರಾಮಾಗಿ ಕಾಣ್ಬೇಕು, ಸುತ್ತ ಕಪ್ಪು. ಕಣ್ಣು ಕುಕ್ಕಿದ್ರೆ ಬೇಡ.

ವೆಲ್ಡಿಂಗ್ ಗ್ಲಾಸ್ ಕೇಳೋರು ತುಂಬಾ. 14 ನಂಬರಿಂದು ಆಗುತ್ತೆ, ಸೂರ್ಯ ಹಸಿರಾಗಿ ಕಾಣ್ತಾನೆ ಅಷ್ಟೇ. 12ಕ್ಕಿಂತ ಕಮ್ಮಿ ನಂಬರಿಂದು ಬೇಡವೇ ಬೇಡ, ಸಾಮಾನ್ಯ ವೆಲ್ಡಿಂಗ್ ಕೆಲಸಕ್ಕೆ ಬಳಸೋದು ಹೆಚ್ಚಾಗಿ ಅದಕ್ಕಿಂತ ಕಮ್ಮಿದೇ ಇರುತ್ತೆ, ನಂಬರ್ ನೋಡದೇ ಇಸ್ಕೊಂಡು ಬರ್ಬೇಡಿ.

ಬೇಡದ್ದರ ಪಟ್ಟಿ ಉದ್ದ ಇದೆ: ಕೂಲಿಂಗ್ ಗ್ಲಾಸ್ (ಎರಡು ಮೂರು ಸೇರಿಸಿ ಹಾಕ್ಕೊಂಡ್ರೂ), ಎಕ್ಸ್‌ರೇ ಫಿಲ್ಮ್, ಹಳೇ ಕ್ಯಾಮೆರಾ ನೆಗೆಟಿವ್, ಸಿಡಿ, ಮಸಿ ಹಿಡಿಸಿದ ಗಾಜು, ಬಣ್ಣದ ಪ್ಲಾಸ್ಟಿಕ್ ಹಾಳೆ. ಇವು ಕಣ್ಣಿಗೆ ಕಾಣೋ ಬೆಳಕನ್ನ ಮಂಕು ಮಾಡಿ ಅವಕೆಂಪು ಕಿರಣಾನ ಒಳಗೆ ಬಿಡಬಹುದು, ಮಂಕಾಗಿದೆ ಅಂತ ನೀವು ಇನ್ನೂ ಜಾಸ್ತಿ ಹೊತ್ತು ನೋಡ್ತೀರಿ. ನೀರಿನ ಪಾತ್ರೇಲಿ ಪ್ರತಿಬಿಂಬ ನೋಡೋದೂ ಸುರಕ್ಷಿತ ಅಲ್ಲ. ಸೂರ್ಯ ನೆತ್ತಿ ಮೇಲಿದ್ದಾಗ ನೀರು ನೂರಕ್ಕೆ ಸುಮಾರು ಎರಡು ಭಾಗ ಬೆಳಕು ವಾಪಸ್ ಕಳಿಸುತ್ತೆ, ಇಳಿದಷ್ಟೂ ಇನ್ನೂ ಜಾಸ್ತಿ. ನೂರಕ್ಕೆ ಎರಡು ಎಲ್ಲಿ, ಲಕ್ಷಕ್ಕೆ ಮೂರು ಎಲ್ಲಿ.

ಪವರ್ ಕನ್ನಡಕ ಇರೋರು ಅದರ ಮೇಲೆ ಇದನ್ನ ಹಾಕ್ಕೊಳ್ಳಿ. ಹಾಕ್ಕೊಂಡ ಮೇಲೆ ತಲೆ ಎತ್ತಿ, ತಲೆ ತಗ್ಗಿಸಿದ ಮೇಲೆ ತೆಗೀರಿ, ಈ ಕ್ರಮ ಮಕ್ಕಳಿಗೆ ಹಿಂದಿನ ದಿನಾನೇ ಅಭ್ಯಾಸ ಮಾಡಿಸಿ. ರಟ್ಟಿನ ಕನ್ನಡಕ ಮಕ್ಕಳ ಮುಖದಲ್ಲಿ ನಿಲ್ಲಲ್ಲ, ಮೂಗಿನ ಮೇಲಿಂದ ಜಾರಿ ಮೇಲುಗಡೆ ಸಂದು ಬಿಡುತ್ತೆ, ಹಿಂದಿನಿಂದ ಎಲಾಸ್ಟಿಕ್ ಕಟ್ಟಿ.

5. ಕನ್ನಡಕ ಸಿಗಲಿಲ್ಲ ಅಂದ್ರೆ

ನಿಜ ಹೇಳ್ಬೇಕಂದ್ರೆ ಕನ್ನಡಕ ಸಿಕ್ಕಿದ್ರೂ ಇದನ್ನ ಮಾಡಿ. ಹತ್ತು ಜನ ಒಟ್ಟಿಗೆ ನೋಡ್ಬಹುದು, ಖರ್ಚಿಲ್ಲ, ಎಲ್ಲರೂ ಸೂರ್ಯನಿಗೆ ಬೆನ್ನು ಹಾಕಿ ನಿಂತಿರ್ತಾರೆ.

ಸೂಜಿರಂಧ್ರ ವಿಧಾನ: ಒಂದು ರಟ್ಟಿನ ನಡುವೆ ಬೆಂಕಿಪಟ್ಟಣದಷ್ಟು ಕಿಟಕಿ ಕತ್ತರಿಸಿ, ಅದಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುಕ್ಕಿಲ್ಲದೇ ಅಂಟಿಸಿ, ಸೂಜಿಯಿಂದ ಒಂದೇ ತೂತು ಮಾಡಿ. ರಟ್ಟನ್ನ ಬಿಸಿಲಿಗೆ ಹಿಡಿದು, ತೂತಿಂದ ಬರೋ ಬೆಳಕು ಬಿಳಿ ಹಾಳೆ ಮೇಲೆ ಬೀಳೋ ಹಾಗೆ ಮಾಡಿ. ಹಾಳೆ ಮೇಲೆ ಬೀಳೋ ಸಣ್ಣ ದುಂಡು ಚುಕ್ಕಿ ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರಾನೇ. ಎಲ್ಲರೂ ತಪ್ಪೋದು ದೂರದಲ್ಲಿ. ಚಿತ್ರದ ಅಗಲ ತೂತಿಗೂ ಹಾಳೆಗೂ ಇರೋ ದೂರದ ಸುಮಾರು 110ನೇ ಒಂದು ಭಾಗ, ಅಂದ್ರೆ ಒಂದು ಮೀಟರ್ ದೂರಕ್ಕೆ ಬರೀ 9 ಮಿಲಿಮೀಟರ್. ಒಂದು ಅಡಿ ದೂರ ಹಿಡಿದು "ಏನೂ ಕಾಣ್ತಿಲ್ಲ" ಅಂದ್ರೆ 3 ಮಿಲಿಮೀಟರ್ ಚುಕ್ಕೀಲಿ ಕಾಣೋದಾದ್ರೂ ಏನು? ತೂತು ದೊಡ್ಡ ಮಾಡಿದ್ರೆ ಚಿತ್ರ ದೊಡ್ಡದಾಗಲ್ಲ, ಮಬ್ಬಾಗುತ್ತೆ ಅಷ್ಟೇ. ದೂರ ಜಾಸ್ತಿ ಮಾಡಿ, ಹಾಳೆಗೆ ನೆರಳು ಮಾಡಿ. ಮತ್ತೆ ತೂತಿನ ಮೂಲಕ ಸೂರ್ಯನ್ನ ನೋಡೋದಲ್ಲ ಇದು, ಈ ಮಾತನ್ನ ಪಕ್ಕದಲ್ಲಿರೋ ಎಲ್ಲರಿಗೂ ಹೇಳಿ.

ಕನ್ನಡಿ ವಿಧಾನ ನನಗೆ ಎಲ್ಲಕ್ಕಿಂತ ಇಷ್ಟ. ಸಣ್ಣ ಕನ್ನಡಿ ಮೇಲೆ ಕಾಗದ ಸುತ್ತಿ, ಕಾಗದದಲ್ಲಿ 5-6 ಮಿಲಿಮೀಟರ್ ತೂತು ಬಿಡಿ. ಅದನ್ನ ಬಿಸಿಲಲ್ಲಿ ಇಟ್ಟು, ಬೆಳಕು ಕಿಟಕಿಯಿಂದ ಒಳಗೆ ಕತ್ತಲೆ ಕೋಣೆಯ ಗೋಡೆಗೆ ಬೀಳೋ ಹಾಗೆ ತಿರುಗಿಸಿ. ಹತ್ತು ಮೀಟರ್ ದೂರ ಸಿಕ್ರೆ ಗೋಡೆ ಮೇಲೆ 9 ಸೆಂಟಿಮೀಟರ್ ಸೂರ್ಯ! ತೂತು ಚೌಕ ಇದ್ರೂ ದೂರದ ಗೋಡೆ ಮೇಲೆ ಬರೋದು ದುಂಡಗೇ. ಸೂರ್ಯ ಗಂಟೆಗೆ 15 ಡಿಗ್ರಿ ಸರೀತಾನೆ, ಆದ್ದರಿಂದ ಚಿತ್ರ ಗೋಡೆ ಮೇಲೆ ಜಾರ್ತಾನೇ ಇರುತ್ತೆ, ಕನ್ನಡೀನ ಜೇಡಿಮಣ್ಣಿನ ಉಂಡೆ ಮೇಲೆ ಒತ್ತಿ ಕೂರಿಸಿದ್ರೆ ಆಗಾಗ ಸ್ವಲ್ಪ ತಿರುಗಿಸ್ಕೊಬಹುದು. ಕನ್ನಡಿಯನ್ನ ಯಾರೂ ನೇರ ನೋಡದ ಹಾಗೆ ಮಾತ್ರ ನೋಡ್ಕೊಳ್ಳಿ.

ಏನೂ ಮಾಡೋಕೆ ಪುರುಸೊತ್ತಿಲ್ಲ ಅನ್ನೋರು ಎಲೆ ದಟ್ಟವಾಗಿರೋ ಮರದ ಕೆಳಗೆ ನೆಲ ನೋಡಿ. ಎಲೆಗಳ ಸಂದೇ ಸೂಜಿರಂಧ್ರ, ನೆಲದ ತುಂಬಾ ನೂರಾರು ಕುಡುಗೋಲು, ಬಳೆ ಹೊತ್ತಲ್ಲಿ ನೂರಾರು ಬಳೆ. ಮರ ಇಲ್ದಿದ್ರೆ ಜರಡಿ ಹಿಡೀರಿ.

6. ಬೈನಾಕ್ಯುಲರ್, ಟೆಲಿಸ್ಕೋಪ್, ಕ್ಯಾಮೆರಾ

ಗ್ರಹಣದ ಕನ್ನಡಕ ಹಾಕ್ಕೊಂಡು ಬೈನಾಕ್ಯುಲರಲ್ಲಿ ನೋಡೋದು, ಇದಕ್ಕಿಂತ ಅಪಾಯ ಇನ್ನೊಂದಿಲ್ಲ. ಬೈನಾಕ್ಯುಲರ್ ಬೆಳಕನ್ನ ಒಟ್ಟುಗೂಡಿಸಿ ಕನ್ನಡಕದ ಹಾಳೆ ಮೇಲೆ ಬಿಡುತ್ತೆ, ಹಾಳೆ ಸುಟ್ಟು ಬೆಳಕು ನೇರ ಕಣ್ಣಿಗೆ. ಸೋಲಾರ್ ಫಿಲ್ಟರ್ ಯಾವಾಗ್ಲೂ ಮುಂದುಗಡೆ, ಬೆಳಕು ಒಳಗೆ ಹೋಗೋ ಬಾಯಿಗೆ, ಗಾಳಿಗೆ ಕಿತ್ತುಹೋಗದ ಹಾಗೆ ಟೇಪ್ ಸುತ್ತಿ ಹಾಕ್ಬೇಕು. ಹಳೇ ಟೆಲಿಸ್ಕೋಪ್ ಜೊತೆ ಕಣ್ಣಿಡೋ ಕಡೆ ಸಿಕ್ಕಿಸೋ ಪುಟ್ಟ ಸೂರ್ಯ ಫಿಲ್ಟರ್ ಬರ್ತಿತ್ತು, ಅದು ಬಿಸಿಗೆ ಸೀಳು ಬಿಡುತ್ತೆ, ಉಪಯೋಗಿಸ್ಬೇಡಿ. ಟೆಲಿಸ್ಕೋಪ್ ಮೇಲಿರೋ ಸಣ್ಣ ಫೈಂಡರಿಗೂ (ಗುರಿ ಹಿಡಿಯೋಕೆ ಇರೋ ಪುಟ್ಟ ಟೆಲಿಸ್ಕೋಪ್) ಮುಚ್ಚಳ ಹಾಕಿಡಿ, ಅದನ್ನ ಎಲ್ಲರೂ ಮರೀತಾರೆ.

ಫೋನಲ್ಲಿ ಸೂರ್ಯನ ಫೋಟೋ ಚೆನ್ನಾಗಿ ಬರಲ್ಲ, ಒಂದು ಚುಕ್ಕಿ ಬರುತ್ತೆ. ಬೇಕೇ ಬೇಕು ಅಂದ್ರೆ ಗ್ರಹಣದ ಕನ್ನಡಕದ ಹಾಳೆಯನ್ನ ಲೆನ್ಸ್ ಮುಂದೆ ಹಿಡಿದು, ಸ್ಕ್ರೀನಲ್ಲಿ ಸೂರ್ಯನ ಮೇಲೆ ಒತ್ತಿ ಫೋಕಸ್ ಲಾಕ್ ಮಾಡಿ, ಬೆಳಕು ಕಮ್ಮಿ ಮಾಡಿ ತೆಗೀರಿ. ಅದಕ್ಕಿಂತ ಮರದ ಕೆಳಗಿನ ಬಳೆಗಳದ್ದೋ ಗೋಡೆ ಮೇಲಿನ ಚಿತ್ರದ್ದೋ ತೆಗೆದ್ರೆ ನೋಡೋಕೆ ಚಂದ ಇರುತ್ತೆ. ದೊಡ್ಡ ಕ್ಯಾಮೆರಾ ಇರೋರಿಗೆ: 500 ಎಂಎಂ ಲೆನ್ಸಲ್ಲಿ ಸೆನ್ಸರ್ ಮೇಲೆ ಸೂರ್ಯ ಸುಮಾರು ನಾಲ್ಕೂವರೆ ಮಿಲಿಮೀಟರ್ ಬರ್ತಾನೆ, ಟ್ರೈಪಾಡ್ ಬೇಕು, ಲೆನ್ಸ್ ಮುಂದೆ ಫಿಲ್ಟರ್ ಬೇಕು. ಹಿಂದಿನ ದಿನ ಮಾಮೂಲಿ ಸೂರ್ಯನ ಮೇಲೆ ಟ್ರಯಲ್ ತೆಗೆದು ಸೆಟ್ಟಿಂಗ್ ಬರೆದಿಟ್ಕೊಳ್ಳಿ, ಬಳೆ ಹೊತ್ತಲ್ಲೂ ಹೆಚ್ಚುಕಮ್ಮಿ ಅದೇ ನಡೆಯುತ್ತೆ, ಯಾಕಂದ್ರೆ ಉಳಿದಿರೋ ಅಂಚಿನ ಪ್ರಖರತೆ ಅಷ್ಟೇನೂ ಕಮ್ಮಿ ಆಗಿರಲ್ಲ.

7. ಆ ದಿನ

ಮೊದಲ ಸ್ಪರ್ಶಕ್ಕೆ ಹತ್ತು ನಿಮಿಷ ಮುಂಚೆ ಎಲ್ಲಾ ಸಿದ್ಧ ಇರ್ಲಿ. ಕಚ್ಚು ಬೀಳೋದು ಸೂರ್ಯನ ಪಶ್ಚಿಮದ ಅಂಚಿಂದ. ಸೂಜಿರಂಧ್ರದಲ್ಲಿ ಚಿತ್ರ ತಲೆಕೆಳಗಾಗಿ ಬೀಳುತ್ತೆ, ಆದ್ದರಿಂದ ಕನ್ನಡಕದಲ್ಲಿ ಮೇಲಿರೋ ಕಚ್ಚು ಹಾಳೆ ಮೇಲೆ ಕೆಳಗಿರುತ್ತೆ, ಗಾಬರಿ ಆಗ್ಬೇಡಿ. ಆಮೇಲೆ ಒಂದು ಗಂಟೆ ನಿಧಾನ, ಆಗಾಗ ನೋಡಿದ್ರೆ ಸಾಕು. ಅರ್ಧಕ್ಕಿಂತ ಜಾಸ್ತಿ ಮುಚ್ಚೋವರೆಗೂ ಸುತ್ತಲಿನ ಬೆಳಕಲ್ಲಿ ಏನೂ ಬದಲಾವಣೆ ಗೊತ್ತಾಗಲ್ಲ, ಕಣ್ಣು ಹೊಂದ್ಕೊಳ್ತಾ ಹೋಗುತ್ತೆ.

ಮುಕ್ಕಾಲು ದಾಟಿದ ಮೇಲೆ ಬಿಸಿಲು ವಿಚಿತ್ರ ಆಗುತ್ತೆ, ಸಂಜೆಯ ಹೊಂಬಣ್ಣ ಇಲ್ಲದೇ ಬರೀ ಕಳೆಗುಂದಿದ ಬಿಸಿಲು. ಚರ್ಮಕ್ಕೆ ಬಿಸಿ ಕಮ್ಮಿ ಆಗಿದ್ದು ಗೊತ್ತಾಗುತ್ತೆ. ನಿಮ್ಮ ಕೈಯನ್ನ ಚಾಚಿ ನೆಲದ ಮೇಲೆ ಬಿದ್ದ ನೆರಳು ನೋಡಿ, ಬೆರಳುಗಳನ್ನ ಒಂದು ದಿಕ್ಕಿಗೆ ತಿರುಗಿಸಿದಾಗ ಅಂಚು ಬ್ಲೇಡಿನ ಹಾಗೆ ಚೂಪು, ಅಡ್ಡ ತಿರುಗಿಸಿದಾಗ ಮಬ್ಬು. ಸೂರ್ಯ ಈಗ ದುಂಡು ದೀಪ ಅಲ್ಲ, ತೆಳು ಗೆರೆ, ಅದಕ್ಕೇ ಹೀಗೆ. ಥರ್ಮಾಮೀಟರ್ ಇದ್ರೆ ಐದೈದು ನಿಮಿಷಕ್ಕೆ ಬರ್ಕೊಳ್ಳಿ, ಅತಿ ಕಮ್ಮಿ ಉಷ್ಣಾಂಶ ಬರೋದು ಗ್ರಹಣದ ಮಧ್ಯಭಾಗಕ್ಕಲ್ಲ, ಅದಾದ ಕೆಲವು ನಿಮಿಷದ ಮೇಲೆ.

ಎರಡನೇ ಸ್ಪರ್ಶಕ್ಕೆ ಒಂದು ನಿಮಿಷ ಇರುವಾಗ ಕ್ಯಾಮೆರಾ ಬಿಟ್ಟು ಕನ್ನಡಕ ಹಾಕಿ ನೋಡಿ. ಕುಡುಗೋಲಿನ ಎರಡು ತುದಿ ಅಂಚು ಹಿಡ್ಕೊಂಡು ಓಡಿಬಂದು ಕೂಡುತ್ತೆ. ಕೂಡೋ ಜಾಗದಲ್ಲಿ ಬೆಳಕು ಒಂದೇ ಗೆರೆಯಾಗಿ ಬರಲ್ಲ, ಚೂರು ಚೂರು ಮಣಿಗಳಾಗಿ ಮಿಂಚಿ ಆಮೇಲೆ ಒಂದಾಗುತ್ತೆ. ಚಂದ್ರನ ಅಂಚಲ್ಲಿರೋ ಬೆಟ್ಟಗಳು ಬೆಳಕನ್ನ ತಡೆದು ಕಣಿವೆಗಳು ಬಿಡೋದರಿಂದ ಹೀಗಾಗೋದು. ಇವಕ್ಕೆ ಬೈಲಿ ಮಣಿಗಳು ಅಂತಾರೆ, ಇಂಗ್ಲೆಂಡಿನ ಖಗೋಳಜ್ಞ ಫ್ರಾನ್ಸಿಸ್ ಬೈಲಿ 1836ರ ಮೇ 15ರಂದು ಸ್ಕಾಟ್ಲೆಂಡಲ್ಲಿ ನೋಡಿ ವಿವರವಾಗಿ ಬರೆದಿದ್ದು ಇಂಥದ್ದೇ ಒಂದು ಕಂಕಣ ಗ್ರಹಣದಲ್ಲಿ. ಬರೀ ಕನ್ನಡಕದಲ್ಲಿ ಮಣಿ ಬಿಡಿಬಿಡಿಯಾಗಿ ಕಾಣೋದು ಕಷ್ಟ, ಫಿಲ್ಟರ್ ಹಾಕಿದ ಟೆಲಿಸ್ಕೋಪಲ್ಲಿ ಚೆನ್ನಾಗಿ ಕಾಣುತ್ತೆ.

ಕತ್ತಲೆ ಆಗುತ್ತೆ ಅಂತ ಕಾಯ್ತಾ ಕೂರ್ಬೇಡಿ, ಕಂಕಣದಲ್ಲಿ ರಾತ್ರಿ ಆಗಲ್ಲ.

ಮೋಡ ಬಂದ್ರೆ? ಉಪಗ್ರಹದ ಮೋಡ ಚಿತ್ರ ನೋಡಿ ಜಾಗ ಬದಲಾಯಿಸೋಕಾದ್ರೆ ಒಂದೆರಡು ಗಂಟೆ ಮುಂಚೆನೇ ನಿರ್ಧಾರ ಮಾಡಿ. ನೆಲ ತಣ್ಣಗಾದ ಹಾಗೆ ಕೆಳಗಿನ ಹತ್ತಿಯುಂಡೆ ಮೋಡಗಳು ಕೆಲವು ಸಲ ತಾವಾಗೇ ಕರಗುತ್ತವೆ, ಆದ್ದರಿಂದ ಬೇಗ ಕೈ ಚೆಲ್ಲಿ ಒಳಗೆ ಹೋಗ್ಬೇಡಿ. ಅಪಾಯ ಇರೋದು ತೆಳು ಮೋಡದಲ್ಲಿ. ಅದರ ಹಿಂದೆ ಬಳೆ ಬರಿಗಣ್ಣಿಗೇ ಸಲೀಸಾಗಿ ಕಾಣುತ್ತೆ, ಕನ್ನಡಕ ಹಾಕಿದ್ರೆ ಏನೂ ಕಾಣಲ್ಲ, ಎಲ್ಲರ ಕೈನೂ ಕನ್ನಡಕ ತೆಗೆಯೋಕೆ ಹೋಗುತ್ತೆ. ಮೋಡ ಯಾವ ಕ್ಷಣ ಸರಿಯುತ್ತೆ ಗೊತ್ತಾಗಲ್ಲ, ತೆಗೀಬೇಡಿ.

ಬಳೆ ಒಡೆದ ಮೇಲೆ ಹೆಚ್ಚಿನವರು ಎದ್ದು ಹೋಗ್ತಾರೆ, ಆದ್ರೆ ಇನ್ನೂ ಒಂದು ಗಂಟೆಗೂ ಮೇಲೆ ಗ್ರಹಣ ಇರುತ್ತೆ. ಮೊದಲು ಗಡಿಬಿಡಿಯಲ್ಲಿ ತಪ್ಪಿದ ಫೋಟೋ ತೆಗೆಯೋಕೆ, ಸರದಿ ಸಿಗದೇ ಇದ್ದ ಮಕ್ಕಳಿಗೆ ತೋರಿಸೋಕೆ ಇದೇ ಒಳ್ಳೇ ಹೊತ್ತು. ಅವತ್ತು ಸಂಜೆ ಅಥವಾ ಮರುದಿನ ಯಾರಿಗಾದ್ರೂ ನೋಟದ ನಡುವೆ ಮಚ್ಚೆ, ಅಕ್ಷರ ಸೊಟ್ಟ ಕಾಣೋದು, ಬಣ್ಣ ಮಂಕಾಗೋದು ಅನ್ಸಿದ್ರೆ ಕಣ್ಣಿಗೆ ಹನಿ ಬಿಟ್ಕೊಂಡು ಕಾಯ್ದೇ ನೇರ ಕಣ್ಣಿನ ಡಾಕ್ಟ್ರ ಹತ್ರ ಹೋಗಿ, ಗ್ರಹಣ ನೋಡಿದ್ದನ್ನ, ಹೇಗೆ ನೋಡಿದ್ರಿ ಅನ್ನೋದನ್ನ ಮುಚ್ಚಿಡದೇ ಹೇಳಿ.